ರೆಕಾರ್ಡ್ ಆಗ್ತಿದೆ, ಮುಟ್ಟಬೇಡಿ

ಹುಡುಗ ಭದ್ರಾವತಿಗೆ ಬಂದು ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, ಒಪ್ಪಿಗೆ ಹೇಳಿ ಹೋಗಿದ್ದ. ಇನ್ನು ನಾವು ಅವರ ಮನೆ ನೋಡುವುದಷ್ಟೇ ಬಾಕಿ. ಅದಕ್ಕೆ ಹುಡುಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹುಡುಗ ಮಧು ಫೋನ್ ಮಾಡಿ, "ಅವರೂ ಬರ್ಲಿ, ನನ್ನ ಸಿಸ್ಟಮ್ ನೋಡ್ಲಿ" ಎಂದಿದ್ದನಂತೆ. ಸಂಬಂಧ ತಂದ ದೊಡ್ಡಪ್ಪನಿಗೆ ಅದೇ ಹೆಮ್ಮೆ. ಭಾನುವಾರ ಅಪ್ಪ, ದೊಡ್ಡಪ್ಪ, ನಾನು ಶಿವಮೊಗ್ಗದ ಬಸ್ ಹತ್ತಿದೆವು. ನಮ್ಮ ಒಪ್ಪಿಗೆಯನ್ನು ಅಲ್ಲೇ ಹೇಳಿ ಬರಬೇಕಿತ್ತು. ನಾನು ಬೇಡ ಎನ್ನಬಹುದು ಎಂಬ ಯೋಚನೆ ಯಾರಿಗೂ ಬಂದಿರಲಿಲ್ಲ.

ಸವಳಂಗ ರಸ್ತೆಯ ಒಳತಿರುವಿನಲ್ಲಿ ಮನೆ. ಹಾಲ್‌ನ ಗೋಡೆ ತುಂಬ ಟಿವಿ. ಅದರ ಕೆಳಗೆ ಗುಂಯ್‌ಗುಡುವ ಕಪ್ಪು ಕಂಪ್ಯೂಟರ್, ಪಕ್ಕದಲ್ಲಿ ಕೇಬಲ್‌ನವರ ಸೆಟ್‌ಟಾಪ್ ಬಾಕ್ಸ್, ಬಾಕ್ಸಿನ ಮೇಲೆ ಪ್ಲಾಸ್ಟಿಕ್ ಕವರ್ ತೊಟ್ಟ ರಿಮೋಟ್.

ನಾವು ಕೂರುವ ಮೊದಲೇ ಮಧು ಶುರು ಮಾಡಿದ. "ಬಾಕ್ಸಲ್ಲಿ ಬರೋದೆಲ್ಲ ಇದ್ರೊಳಗೆ ಇಳಿಯುತ್ತೆ ಅಂಕಲ್. ಸೀರಿಯಲ್, ಸಿನಿಮಾ, ಮ್ಯಾಚು. ನಾವು ಟಿವಿಗೆ ಕಾಯೋದಲ್ಲ, ಟಿವಿ ನಮಗೆ ಕಾಯ್ಬೇಕು."

"ಶಭಾಷ್ ಮಾರಾಯ! ಯಾವಾಗ ನೋಡ್ತೀಯ ಇದನ್ನೆಲ್ಲ?" ಎಂದರು ದೊಡ್ಡಪ್ಪ.

"ನೋಡೋಕೆ ಟೈಮೆಲ್ಲಿ? ಸ್ಟಾಕ್ ಇರುತ್ತೆ."

ದರ ಏರಲಿ ಎಂದು ಅಡಿಕೆ ಚೀಲ ಕೂಡಿಟ್ಟವರನ್ನು ಕಂಡಿದ್ದೇನೆ. ಹಳೇ ಸೀರಿಯಲ್ಲಿಗೆ ಯಾವ ದರ ಬರುತ್ತದೋ ನನಗೆ ತಿಳಿಯದು.

ದೊಡ್ಡಪ್ಪ ಸ್ವಲ್ಪ ನ್ಯೂಸ್ ಹಾಕಲು ಕೇಳಿದರು. ಆಗುವುದಿಲ್ಲವಂತೆ. ಇರುವುದು ಒಂದೇ ಬಾಕ್ಸ್. ಅದರಲ್ಲಿ ಚಾನೆಲ್ ಬದಲಿಸಿದರೆ ರೆಕಾರ್ಡಿಂಗೂ ಬದಲಾಗುತ್ತದೆ. ಕಂಪ್ಯೂಟರ್ ಏನು ಹಿಡಿಯುತ್ತಿದೆಯೋ ಮನೆಮಂದಿ ಅದನ್ನೇ ನೋಡಬೇಕು.

"ಇದು ಹೋದ ವಾರದ ಮ್ಯಾಚಲ್ವೇನಪ್ಪ?" ಎಂದು ಅಪ್ಪ ಕೇಳಿದರು.

"ಹೌದು ಅಂಕಲ್. ಅವತ್ತು ಕರೆಂಟ್ ಹೋಗಿ ಮಧ್ಯೆ ತುಂಡಾಗಿತ್ತು. ಈಗ ಮತ್ತೆ ಹಾಕಿದಾರೆ, ಪೂರ್ತಿ ಸಿಗುತ್ತೆ." ಆಮೇಲೆ ನನ್ನ ಕಡೆ ನೋಡಿ ನಕ್ಕ. "ಇವ್ರು ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ರಂತೆ. ಪರ್ವಾಗಿಲ್ಲ. ಏನೂ ಮುಟ್ಟದೆ ಇದ್ರೆ ಸಾಕು."

ದೊಡ್ಡಪ್ಪ ನಕ್ಕರು. ನಾನು ಚಹಾದ ಕೆನೆ ನೋಡುತ್ತ ಕುಳಿತೆ.

ಅಷ್ಟರಲ್ಲಿ ಅವನ ತಾಯಿ ಜಗದಾಂಬಾ ಅವರ ಫೋನ್ ಬಡಿದುಕೊಂಡಿತು. ತಂಗಿಯ ಕೂಗು ನಮಗೆಲ್ಲ ಕೇಳಿಸಿತು. "ಅಕ್ಕಾ, ಅಡುಗೆ ಪ್ರೋಗ್ರಾಮಲ್ಲಿ ನಾನು ಬರ್ತಿದೀನಿ! ಇನ್ನೂರ ಹನ್ನೊಂದು ಹಾಕೇ, ಬೇಗ!"

"ಮಧು, ನಿನ್ ಚಿಕ್ಕಮ್ಮ ಕಣೋ. ಐದೇ ನಿಮಿಷ."

"ರೆಕಾರ್ಡ್ ಆಗ್ತಿರೋದು ಕಾಣ್ಸಲ್ವೇನಮ್ಮ? ಅವಳ ಮಾವಿನಕಾಯಿ ಗೊಜ್ಜಿಗೋಸ್ಕರ ಮ್ಯಾಚ್ ಹಾಳು ಮಾಡ್ಲಾ?"

ಜಗದಾಂಬಾ ಎರಡನೇ ಸಲ ಕೇಳಲಿಲ್ಲ. ಅಭ್ಯಾಸವಾಗಿರಬೇಕು. ಟಿವಿಯಲ್ಲಿ ಓಡುತ್ತಿದ್ದ ಬೌಲರ್‌ನನ್ನು ನೋಡುತ್ತ ಫೋನಿಗೆ ಹೇಳಿದರು, "ಹ್ಞೂಂ ಕಣೇ, ನೋಡ್ತಿದೀನಿ. ಚೆನ್ನಾಗಿ ಕಾಣ್ತಿದೀಯ. ಹಸಿರು ಸೀರೆ ಒಪ್ಪುತ್ತೆ ನಿಂಗೆ."

"ಯಾವ ಹಸಿರೇ? ನಾನು ಕೆಂಪುಟ್ಟಿದೀನಿ!"

ಆಕೆ ನಮ್ಮನ್ನು ನೋಡಿ ನಗಲು ಪ್ರಯತ್ನಿಸಿದರು. ಆಕೆ ಕುಳಿತಿದ್ದ ಕುರ್ಚಿ ಮುಂದೊಂದು ದಿನ ನನ್ನದಾಗುತ್ತದೆ. ಅದರಲ್ಲಿ ಕುಳಿತು ನಾನೂ ನನ್ನ ತಂಗಿಗೆ ಇಂಥದ್ದೇ ಸುಳ್ಳು ಹೇಳುತ್ತಿರುತ್ತೇನೆ.

ಎದ್ದು ಹೋಗಿ ರಿಮೋಟ್ ಎತ್ತಿಕೊಂಡು, ಕವರಿನ ಮೇಲಿಂದಲೇ ಎರಡು, ಒಂದು, ಒಂದು ಒತ್ತಿದೆ.

ಕೆಂಪು ಸೀರೆಯ ಹೆಂಗಸೊಬ್ಬರು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು. ಜಗದಾಂಬಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಯಾರ್ರೀ ಮುಟ್ಟಿದ್ದು!" ಮಧು ಚೀರಿದ. ರಿಮೋಟ್ ನನ್ನ ಕೈಯಲ್ಲಿತ್ತು. ಅವನು ತಿರುಗಿದ್ದು ತಾಯಿಯ ಕಡೆ. "ನೀನೇ ಕಣ್ಸನ್ನೆ ಮಾಡಿದ್ಯಾ?"

"ಗೊತ್ತಾಗದೆ ಒತ್ತಿದಾಳಪ್ಪ, ಓದಿಲ್ಲ ಪಾಪ," ಎಂದರು ದೊಡ್ಡಪ್ಪ.

"ಗೊತ್ತಿದ್ದೇ ಒತ್ತಿದೆ ದೊಡ್ಡಪ್ಪ. ನಂಗೆ ಈ ಸಂಬಂಧ ಬೇಡ."

ಅಪ್ಪ ನನ್ನ ಮುಖವನ್ನೇ ನೋಡಿ, ಚಹಾದ ಲೋಟ ಕೆಳಗಿಟ್ಟು ಎದ್ದರು. ಮಧು ಮಾತ್ರ ಆಗಲೇ ಕಂಪ್ಯೂಟರ್ ಮುಂದೆ ಮಂಡಿಯೂರಿ, ಎಷ್ಟು ಹಾಳಾಯಿತೆಂದು ಹುಡುಕುತ್ತಿದ್ದ.

"ಕೇಳಿಸ್ತೇನಪ್ಪ? ಹುಡುಗಿ ಬೇಡ ಅಂತಿದಾಳೆ," ಎಂದರು ಅಪ್ಪ.

ಅವನು ತಿರುಗಲಿಲ್ಲ. ಒಂದು ಬೆರಳೆತ್ತಿ, "ಒಂದ್ನಿಮಿಷ ಇರಿ ಅಂಕಲ್," ಎಂದ.

ನಾವು ಕಾಯಲಿಲ್ಲ.