ನೋಡಿದವರ ಹೆಸರು

ತೊಂಬತ್ತೇಳಕ್ಕೆ ಬಂದು ಮತ್ತೆ ನಿಂತಿತು. ಬೆಳಗಿನಿಂದ ಇದು ಮೂರನೆಯ ಸಲ. ಲ್ಯಾಪ್‌ಟಾಪಿನ ಕಪ್ಪು ತೆರೆಯ ಮೇಲೆ ಸಾಲುಸಾಲಾಗಿ ಓಡುತ್ತಿದ್ದ ಅಕ್ಷರಗಳು ನೂರಕ್ಕೆ ಮೂರು ಬಾಕಿ ಇರುವಾಗ ಕೆಂಪಗಾಗಿ ನಿಂತುಬಿಟ್ಟವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದುಕೊಂಡು ಪಿಪ್ ಕುರ್ಚಿಗೆ ಒರಗಿದಳು.

"ಮತ್ತೆ ಮುನಿಸ್ಕೊಂಡ್ತಾ?" ಒಲೆಯ ಬಳಿಯಿಂದ ನೆರಿಡಾ ಕೇಳಿದಳು.

"ಮುನಿಸ್ಕೊಂಡಿದೆ. ಥೇಟ್ ನಿಮ್ಮ ಗಂಡನ ಥರಾನೇ."

"ಅವನು ಬರೆದದ್ದು ಅವನ ಥರ ಇರದೆ ನನ್ನ ಥರ ಇರುತ್ತಾ? ಮೊದಲು ತಿನ್ನು. ಆರಿಹೋದ್ರೆ ಚಿಪ್ಪುಮೀನು ರಬ್ಬರ್ ಆಗುತ್ತೆ."

ಮಸಾಲೆ ಹಾಕಿದ ಚಿಪ್ಪುಮೀನಿನ ಪೈ ಮೇಜಿಗೆ ಬಂತು. ಕಿಟಕಿಯಾಚೆ ಡರ್ವೆಂಟ್ ನದಿ ಜುಲೈ ತಿಂಗಳ ಸಪ್ಪೆ ಬಿಸಿಲಲ್ಲಿ ಮಲಗಿತ್ತು, ಬೆಟ್ಟದ ನೆತ್ತಿಯಲ್ಲಿ ಹಿಮ. ಭೂಮಿಯ ದಕ್ಷಿಣ ತುದಿಗೆ ಹತ್ತಿರದ ಹೋಬಾರ್ಟಿನ ಚಳಿಗಾಲದಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ.

ನೆರಿಡಾಳ ಗಂಡ ಡರ್ಮಟ್ ತೀರಿಕೊಂಡು ಹನ್ನೊಂದು ತಿಂಗಳು. ಮೂವತ್ತು ವರ್ಷ ದಕ್ಷಿಣದ ಕಡಲಿಗೆ ಹೋಗಿ, ಮಂಜುಗಡ್ಡೆಯ ಅಡಿಯಲ್ಲಿ ತಿಮಿಂಗಿಲಗಳ ಕೂಗನ್ನು ಹಿಡಿದು ತಂದವನು. ಆ ಸದ್ದನ್ನು ಅಡಕ ಮಾಡಿಡಲು, ಮತ್ತೆ ಬಿಚ್ಚಿ ಕೇಳಲು ಅವನೇ ಬರೆದ ಸಾಫ್ಟ್‌ವೇರ್ ಲೈಬ್ರರಿಗೆ ಪೆಟ್ರೆಲ್ ಎಂದು ಕಡಲಹಕ್ಕಿಯ ಹೆಸರಿಟ್ಟಿದ್ದ. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಇಳಿಸಿಕೊಂಡು ಕಂಪೈಲ್ ಮಾಡಿ, ತಮ್ಮ ಯಂತ್ರದಲ್ಲಿ ಓಡುವ ರೂಪಕ್ಕೆ ತಂದುಕೊಳ್ಳಬಹುದು. ಬಳಸುವವರು ಸಾವಿರ, ನೋಡಿಕೊಳ್ಳುತ್ತಿದ್ದವರು ಮಾತ್ರ ಮೂರೇ ಜನ: ಡರ್ಮಟ್, ಪಿಪ್, ವೆಲಿಂಗ್ಟನ್ನಿನ ಇನ್ನೊಬ್ಬ.

ಆಸ್ಪತ್ರೆಯಲ್ಲಿ ಕೊನೆಯ ವಾರ ಅವನು ತನ್ನ ಮೈಕನ್ನು ತರಿಸಿಕೊಂಡು ಹೆಂಡತಿಗಾಗಿ ಏನನ್ನೋ ಮಾತಾಡಿ, ಪೆಟ್ರೆಲ್‌ನ ಹೊಸ ಬಗೆಯಲ್ಲಿ ಅಡಕ ಮಾಡಿ, 'ನೆರಿಡಾಗೆ' ಎಂದು ಹೆಸರು ಕೊಟ್ಟು ಹೋಗಿದ್ದ. ಹಳೆಯ ಪೆಟ್ರೆಲ್ ಅದನ್ನು ತೆರೆಯದು. ಹೊಸದು ಪೂರ್ತಿಯಾಗಿ ಇದ್ದದ್ದು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ; ಅದನ್ನು ಅವನ ತಂಗಿಯ ಮಗ ಉಪಕಾರ ಮಾಡಲು ಹೋಗಿ ಪೂರ್ತಿ ಅಳಿಸಿ ಯಾರಿಗೋ ದಾನ ಕೊಟ್ಟಿದ್ದ. ಉಳಿದದ್ದು ಆ ಮಾತು ತುಂಬಿದ ಉಗುರಿನಷ್ಟಗಲದ ಮೆಮೊರಿ ಕಾರ್ಡು. ಹನ್ನೊಂದು ತಿಂಗಳು ಅದನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟುಕೊಂಡು ಕಾದ ನೆರಿಡಾ ಹೋದ ವಾರ ಪಿಪ್‌ಗೆ ಫೋನ್ ಮಾಡಿದ್ದಳು. ಎಲ್ಲರಿಗೂ ತೆರೆದಿಟ್ಟ ಸೋರ್ಸ್ ಕೋಡಿನಿಂದ ಹೊಸ ಪೆಟ್ರೆಲನ್ನು ಮತ್ತೆ ಕಟ್ಟಲು ಪಿಪ್ ಈಗ ಹೆಣಗುತ್ತಿದ್ದಳು.

"ಫೋನಲ್ಲೇ ಮಾತಾಡಿ ಇಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದಳು ನೆರಿಡಾ ಈಗ. ಕೆಟಲ್ ಪಕ್ಕದ ಗೂಡಿನಲ್ಲಿ ಡರ್ಮಟ್‌ನ ಫೋನು ಚಾರ್ಜಿಗೆ ಕೂತಿತ್ತು. "ನೋಡು, ಅದಕ್ಕೆ ದಿನಾ ಕರೆಂಟ್ ಹಾಕ್ತೀನಿ. ಅದಕ್ಕೆ ಯಾರೂ ಫೋನ್ ಮಾಡಲ್ಲ. ಆದ್ರೂ ಆರಿಸೋಕೆ ಕೈ ಬರಲ್ಲ."

"ಫೋನು ಬೇರೆಯವರು ಮಾಡಿದ್ದು ನೆರಿಡಾ. ಬೇರೆಯವರು ಕಟ್ಟಿದ್ದನ್ನ ಅವನು ಯಾವಾಗ ನಂಬಿದ್ದ?"

ಇಬ್ಬರೂ ನಕ್ಕರು. ನಕ್ಕದ್ದು ಮುಗಿದ ಮೇಲೆ ಅಡುಗೆಮನೆ ಮೊದಲಿಗಿಂತ ಖಾಲಿ ಎನಿಸಿತು.

ಕೆಂಪು ಅಕ್ಷರ ಕಂಡರೆ ಕೊನೆಯ ಸಾಲನ್ನಷ್ಟೇ ಓದಿ, ಬೈದುಕೊಂಡು, ಮತ್ತೆ ಓಡಿಸುವುದು ಈ ಕಸುಬಿನವರ ಚಾಳಿ. ತಪ್ಪು ಹುಟ್ಟಿರುವುದು ಯಾವಾಗಲೂ ಮೇಲೆಲ್ಲೋ. ಪಿಪ್‌ಗೆ ಇದು ಗೊತ್ತಿಲ್ಲವೆಂದಲ್ಲ. ಡರ್ಮಟ್ ಬರೆದ ಪುಟಗಳೊಳಗೆ ಹೋಗಲು ಅವಳಿಗೆ ಭಯವಿತ್ತು. ಪೈ ಮುಗಿಸಿ, ಧೈರ್ಯ ಮಾಡಿ, ಮೊದಲ ಕೆಂಪು ಸಾಲಿನವರೆಗೆ ಹಿಂದಕ್ಕೆ ಸರಿಸಿದಳು. ಅಡಕವನ್ನು ಬಿಚ್ಚುವ ಒಂದು ತುಂಡು ಕೋಡ್ ಇರಬೇಕಾದಲ್ಲಿ ಇರಲಿಲ್ಲ. ಆ ಜಾಗ ತೆರೆದು ನೋಡಿದರೆ ಡರ್ಮಟ್‌ನ ಟಿಪ್ಪಣಿ ಇತ್ತು.

'ಈ ತುಂಡು ಪಿಪ್ ಹತ್ತಿರ ಇದೆ. ಅವಳು ನೋಡಿ ಸರಿ ಎಂದ ಕೂಡಲೇ ಇಲ್ಲಿ ಸೇರುತ್ತದೆ. ಅಲ್ಲಿಯವರೆಗೆ ತಾಳಿ.'

ಪಿಪ್ ಅದನ್ನು ಎರಡು ಸಲ ಓದಿದಳು. ಪೆಟ್ರೆಲ್‌ನ ನಿಯಮದಂತೆ ತಾನು ಬರೆದದ್ದನ್ನು ಯಾರೂ ತಾನೇ ಒಳಗೆ ಸೇರಿಸಬಾರದು. ಇನ್ನೊಬ್ಬರು ಓದಿ, 'ನೋಡಿದವರು' ಎಂಬ ಸಾಲಿನಲ್ಲಿ ಹೆಸರು ಹಾಕಿದ ಮೇಲೆಯೇ ಸೇರಬೇಕು. ಆ ನಿಯಮ ಮಾಡಿದವನೇ ಡರ್ಮಟ್. ಒಂದು ಗುಂಡಿ ಒತ್ತಿದ್ದರೆ ಅವನೇ ಸೇರಿಸಬಹುದಿತ್ತು. ಸಾಯುವಾಗಲೂ ಒತ್ತಲಿಲ್ಲ.

ಅವಳು ತನ್ನ ಇ-ಮೇಲ್ ತೆರೆದು ಹುಡುಕಿದಳು. ಹೋದ ವರ್ಷದ ಜೂನಿನಲ್ಲಿ ತುಂಡು ಬಂದಿತ್ತು. ಜುಲೈನಲ್ಲಿ ಒಂದು ಸಾಲು: 'ಅವಸರವಿಲ್ಲ, ನೆನಪಿಸಿದೆ ಅಷ್ಟೆ.' ಇವೆರಡನ್ನೂ ಅವಳು ಓದಿದ್ದಳು, ಭಾನುವಾರ ನೋಡಿದರಾಯಿತು ಎಂದುಕೊಂಡಿದ್ದಳು. ಆಗಸ್ಟಿನ ಮೂರನೆಯದನ್ನು ತೆರೆದೇ ಇರಲಿಲ್ಲ. 'ಪಿಪ್, ಬರೀ ನಲವತ್ತು ಸಾಲು. ಈಗ ಸ್ವಲ್ಪ ಅವಸರವಿದೆ.' ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ಅವಳ ಮನೆಯಲ್ಲ.

ನೆರಿಡಾ ಯಾವಾಗ ಬೆನ್ನ ಹಿಂದೆ ಬಂದು ನಿಂತಳೋ.

"ನಿನ್ನ ಹತ್ರಾನೇ ಇದೆಯಂತಲ್ಲೇ."

"ಕಳಿಸಿದ್ದ. ನಾನು ನೋಡ್ಲಿಲ್ಲ." ಸುಳ್ಳು ಹೇಳಲು ಪಿಪ್‌ಗೆ ಒಂದು ಕ್ಷಣ ಆಸೆಯಾಗಿತ್ತು. "ಮೂರು ಸಲ ಕೇಳಿದ್ದ. ಕೆಲಸ ಇತ್ತು... ಇಲ್ಲ, ಕೆಲಸ ಏನೂ ಇರ್ಲಿಲ್ಲ. ಸುಮ್ನೆ ನೋಡ್ಲಿಲ್ಲ."

ನೆರಿಡಾ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. "ದಿನಾ ಬೆಳಿಗ್ಗೆ ಕೇಳೋನು. 'ಪಿಪ್‌ದು ಏನಾದ್ರೂ ಬಂತಾ?' ಅಂತ. ನೀನು ಹೂವು ಕಳಿಸ್ಲಿ ಅಂತ ಆಸೆ ಪಡ್ತಿದಾನೆ ಅಂದ್ಕೊಂಡು, ನಾನೇ ಒಂದು ದಿನ ತಂದು ನೀನು ಕಳಿಸಿದ್ದು ಅಂತ ಇಟ್ಟೆ. ಅದರ ಕಡೆ ಕಣ್ಣೆತ್ತೂ ನೋಡ್ಲಿಲ್ಲ ಪುಣ್ಯಾತ್ಮ."

"ನೆರಿಡಾ..."

"ಅಳೋದು ಆಮೇಲೆ ಅಳು. ಈಗ ನೋಡು."

ಪಿಪ್ ನಲವತ್ತು ಸಾಲನ್ನೂ ಒಂದೊಂದಾಗಿ ಓದಿದಳು. ಅಚ್ಚುಕಟ್ಟಾಗಿತ್ತು, ತಪ್ಪು ಹುಡುಕಿದರೂ ಸಿಗಲಿಲ್ಲ. ಹಿಡಿದದ್ದು ಹತ್ತು ನಿಮಿಷ. ಹತ್ತೇ ನಿಮಿಷ ಎಂದು ಗೋಡೆಯ ಗಡಿಯಾರ ನೋಡಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ತುಂಡನ್ನು ಸೇರಿಸಿದಾಗ ಬರೆದವರ ಹೆಸರು ಡರ್ಮಟ್ ಹಾಲೊರನ್ ಎಂದೂ, ದಿನಾಂಕ ಹೋದ ವರ್ಷದ್ದೆಂದೂ ತಾನಾಗಿ ಮೂಡಿತು. ಕೆಳಗೆ 'ನೋಡಿದವರು' ಎಂಬ ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು.

ಮತ್ತೆ ಓಡಿಸಿದಳು. ತೊಂಬತ್ತೈದು. ತೊಂಬತ್ತೇಳು. ನೆರಿಡಾ ಮೇಜಿನ ಅಂಚನ್ನು ಹಿಡಿದುಕೊಂಡಳು. ತೊಂಬತ್ತೆಂಟು, ನೂರು. ಲೈಬ್ರರಿಯನ್ನು ಯಂತ್ರದಲ್ಲಿ ನೆಲೆಗೊಳಿಸಲು ಇನ್ನೊಂದು ಆಜ್ಞೆ ಸಾಕಾಯಿತು. 'ನೆರಿಡಾಗೆ' ತೆರೆಯಿತು: ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.

"ನಾನು ಹೊರಗಿರ್ತೀನಿ," ಎಂದಳು ಪಿಪ್.

"ಬೇಡ. ಇಲ್ಲೇ ಇರು. ಒಬ್ಬಳೇ ಇರೋಕೆ ಹೆದರಿಕೆ." ನೆರಿಡಾ ಕಿಟಕಿಯ ಕಡೆ ಕುರ್ಚಿ ತಿರುಗಿಸಿ, ಅವನ ದೊಡ್ಡ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು. ಪಿಪ್ ಗುಂಡಿ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ನೆರಿಡಾಳ ಭುಜ ಸಣ್ಣಗೆ ಬೆಚ್ಚಿತು. "ಹಾಂ, ಕೇಳಿಸ್ತಿದೆ," ಎಂದಳು, ಕಿವಿ ಮುಚ್ಚಿಕೊಂಡವರು ಮಾತಾಡುವಂತೆ ಗಟ್ಟಿಯಾಗಿ.

ಪಿಪ್ ಮುಖ ತಿರುಗಿಸಿದಳು. ತೆರೆಯ ಮೇಲೆ ಡರ್ಮಟ್‌ನ ಮೂರನೆಯ ಇ-ಮೇಲ್ ಹಾಗೇ ಬಿದ್ದಿತ್ತು. ನೋಡಿದವರು ಉತ್ತರ ಬರೆಯಬೇಕು, ಅದೂ ರೂಢಿ. 'ನೋಡಿದೆ. ಸರಿ ಇದೆ. ತಡವಾಯಿತು, ಡರ್ಮಟ್' ಎಂದು ಅವನ ವಿಳಾಸಕ್ಕೇ ಬರೆದು ಕಳಿಸಿದಳು.

ಕೆಟಲ್ ಪಕ್ಕದ ಗೂಡಿನಲ್ಲಿ ಅವನ ಫೋನು ಟಿಣ್ ಎಂದಿತು.

ನೆರಿಡಾಗೆ ಅದು ಕೇಳಿಸಲಿಲ್ಲ. ಅವಳು ನದಿಯ ಕಡೆ ನೋಡುತ್ತ "ಹೂಂ... ಹೂಂ" ಎನ್ನುತ್ತಿದ್ದಳು. ಫೋನಿನ ಬೆಳಕಿನಲ್ಲಿ ಪಿಪ್‌ಳ ಹೆಸರು ಸ್ವಲ್ಪ ಹೊತ್ತು ಉರಿದು, ತಾನಾಗಿ ಆರಿತು.