ಕಾರ್ಡಿನ ಪ್ರಕಾರ ಹುಟ್ಟಬೇಕಾದ ಮಗು

"ಏನೇ, ಆನೆ ಹೆರ್ತೀಯಾ? ನಿನಗೂ ಮೆಷಿನ್ನಿಗೂ ಮಧ್ಯೆ ಒಂದು ಊರೇ ಕೂತ್ಕೋಬಹುದಲ್ಲೇ," ಅಂದ ಸೂಪರ್‌ವೈಸರ್. ನಾವು ಅವನನ್ನು ಗಡಿಯಾರ ಅನ್ನುತ್ತೇವೆ. ಉಚ್ಚೆಗೆ ಹೋದವರು ಎಷ್ಟು ಹೊತ್ತಿಗೆ ಬಂದರೆಂದು ಬಾಗಿಲಲ್ಲೇ ನಿಂತು ನೋಡುವ ಪುಣ್ಯಾತ್ಮ.

ನನ್ನದು ಬೇರೆ ಗಡಿಯಾರ. ಮಗು ಒಮ್ಮೆ ಒದ್ದು ಮತ್ತೆ ಒದೆಯುವಷ್ಟರಲ್ಲಿ ಹತ್ತು ಕಾಲರ್ ಹೊಲಿದಾಗಿರುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ನೂರಾ ಹತ್ತು ಹೊಲಿದೆ. ಹೊಟ್ಟೆಯೊಳಗಿನವರು ಒಮ್ಮೆಯೂ ಒದ್ದು ಮಾತಾಡಲಿಲ್ಲ.

"ಡಾಕ್ಟರ ಹತ್ರ ಹೋಗ್ಬೇಕು ಸಾರ್."

"ನಡಿ ಮಹಾರಾಣಿ. ಚಾಮರ ಬೀಸೋಕೆ ನಾನೂ ಬರ್ತೀನಿ."

ನಿಜಕ್ಕೂ ಬಂದ. ಫ್ಯಾಕ್ಟರಿಯ ಕ್ಲಿನಿಕ್ಕು ಕಕ್ಕಸಿಗೆ ಅಂಟಿಕೊಂಡಿದೆ: ಒಂದು ಮಂಚ, ತಿರುಗದ ಒಂದು ಫ್ಯಾನು, ಗೋಡೆಯ ಮೇಲೆ ನಗುವ ತಾಯಿಯ ಚಿತ್ರ. ಕಾರ್ಡು ಹಿಡಿದ ಮೂವರು ಬಸುರಿಯರು ಸರದಿಯಲ್ಲಿದ್ದರು. ಗಡಿಯಾರನ ಕೃಪೆಯಿಂದ ನಾನೇ ಮೊದಲು.

ಇವತ್ತೇ ಹೆರಿಗೆ ಮಾಡಿಸೋಕೆ ದೊಡ್ಡಾಸ್ಪತ್ರೆಗೆ ಚೀಟಿ ಕೊಡಿ ಅಂದೆ. ಡಾಕ್ಟರು ನನ್ನ ಹೊಟ್ಟೆಯನ್ನು ಬಿಟ್ಟು ಕಾರ್ಡನ್ನು ಪರೀಕ್ಷಿಸಿದರು. "ಇನ್ನೂ ಹದಿನೆಂಟು ದಿನ ಇದೆಯಲ್ಲಮ್ಮ. ಈಗ್ಲೇ ಔಷಧಿ ಕೊಟ್ಟು ನೋವು ಬರಿಸಿದ್ರೆ ಬಲಿಯದ ಕೂಸು ಕೈಗೆ ಬರುತ್ತೆ. ಕಳಿಸಿದ್ದಕ್ಕೆ ದೊಡ್ಡಾಸ್ಪತ್ರೆಯವರು ನನಗೆ ಉಗೀತಾರೆ."

ಕಾರ್ಡಿಗೇನು, ಅದು ಬರೆಸಿದ್ದನ್ನು ಹೇಳುತ್ತದೆ. ಕೆಲಸಕ್ಕೆ ಸೇರುವ ದಿನ ಗುಮಾಸ್ತ ಎಲ್ಲ ಹೆಂಗಸರನ್ನೂ ಕೇಳುತ್ತಾನೆ: ಕೊನೆಯ ಸಲ ಮುಟ್ಟಾದದ್ದು ಯಾವಾಗ? ತಡವಾಗಿದ್ದವರಿಗೆ ಗೇಟು. ನನಗೆ ಮುಟ್ಟಾಗಿ ಮೂವತ್ತು ದಿನವಾಗಿತ್ತು, ಎರಡು ದಿನ ತಡ. "ಮೊನ್ನೆ" ಅಂದೆ. ಅವನು ಅದನ್ನೇ ಬರೆದುಕೊಂಡ, ಆಮೇಲೆ ಕಾರ್ಡಿಗೂ ಅದೇ ಬಂತು. ಹೊಟ್ಟೆಯ ಮಗುವಿನ ವಯಸ್ಸು ಅಲ್ಲೇ ನಾಲ್ಕು ವಾರ ಇಳಿಯಿತು. ನನ್ನ ಲೆಕ್ಕಕ್ಕೆ ದಿನ ತುಂಬಿ ಮೇಲೆ ಹತ್ತು ದಿನ.

ಬಾಯಿ ಮುಚ್ಚಿಕೊಂಡರೆ ಕೆಲಸ ಉಳಿಯುತ್ತದೆ. ಕಾಲರುಗಳೂ ಇರುತ್ತವೆ, ನೂರಾ ಹನ್ನೊಂದು, ನೂರಾ ಹನ್ನೆರಡು.

"ತಾರೀಖು ಸುಳ್ಳು ಡಾಕ್ಟ್ರೇ. ಸೇರುವಾಗ್ಲೇ ಬಸುರಿ ನಾನು. ಬೆಳಿಗ್ಗೆಯಿಂದ ಇದು ಒದ್ದಿಲ್ಲ."

"ಕಳ್ಳಮುಂಡೆ," ಅಂದ ಗಡಿಯಾರ. "ನಾಳೆಯಿಂದ ಬರ್ಬೇಡ."

"ನಾಳೆ ನಂಗೂ ಪುರುಸೊತ್ತಿಲ್ಲ ಸಾರ್. ಹೆರೋದಿದೆ."

ಡಾಕ್ಟರು ಕನ್ನಡಕ ತೆಗೆದರು. "ಈಗ ಯಾವ್ದನ್ನಮ್ಮ ನಂಬೋದು?"

"ಹೊಟ್ಟೆನ ನಂಬಿ. ಅದು ಗುಮಾಸ್ತನ್ನ ಕೇಳ್ಕೊಂಡು ಬೆಳೆದಿಲ್ಲ."

ಮಂಚ ಹತ್ತಿ ಮಲಗಿದೆ. ಡಾಕ್ಟರು ಹೊಟ್ಟೆಗೆ ನಳಿಗೆಯಿಟ್ಟು ಮಗುವಿನ ಎದೆಬಡಿತಕ್ಕೆ ಕಿವಿ ಕೊಟ್ಟರು. ಜಾಗ ಬದಲಿಸಿದರು. "ಇದೆ," ಅಂದರು. ಚೀಟಿ ಪುಸ್ತಕ ಎಳೆದುಕೊಂಡು, "ನಿಧಾನ ಇದೆ. ಚೀಟಿ ಬರೀತೀನಿ, ದೊಡ್ಡಾಸ್ಪತ್ರೇಲಿ ಇವತ್ತೇ ನೋವು ಬರಿಸ್ಲಿ."

ಗಡಿಯಾರ ಚೀಟಿ ಪುಸ್ತಕದ ಮೇಲೆ ಅಂಗೈ ಊರಿದ. "ಕಾರ್ಡಲ್ಲಿರೋ ತಾರೀಖೇ ಬರೀಬೇಕು ಮೇಡಂ. ಫ್ಯಾಕ್ಟರಿ ರೂಲ್ಸು."

ನಾನು ಮಲಗಿದಲ್ಲಿಂದಲೇ ಡಾಕ್ಟರ ಜೇಬಿನ ಪೆನ್ನು ಎಳೆದುಕೊಂಡೆ. ಕಾರ್ಡನ್ನು ಹೊಟ್ಟೆಯ ಮೇಲೇ ಇಟ್ಟು ಗುಮಾಸ್ತನ ತಾರೀಖನ್ನು ಹೊಡೆದುಹಾಕಿ ನನ್ನದನ್ನು ಬರೆದೆ. ಅಕ್ಷರ ಕೆಟ್ಟದಾಗಿತ್ತು; ಹೊಲಿಗೆಯಷ್ಟು ನೇರ ಬರಲಿಲ್ಲ.

"ಆಯ್ತೇನೇ? ಪೆನ್ನು ಈ ಕಡೆ ಕೊಡು," ಅಂದಳು ಸರದಿಯ ಮುಂದಿದ್ದ ಗುಂಡಿ ಹೊಲಿಯುವ ಅಕ್ಕ. "ನಂದು ಇಪ್ಪತ್ತು ದಿನ ತಪ್ಪು."

ಅವಳ ಹಿಂದೆ ಇನ್ನೆರಡು ಕೈ ಚಾಚಿದವು. ಗಡಿಯಾರ ಯಾರನ್ನು ಮೊದಲು ಬೈಯುವುದೆಂದು ತಿಳಿಯದೆ ನಿಂತ. ಡಾಕ್ಟರು ಮತ್ತೆ ನನ್ನ ಹೊಟ್ಟೆಗೆ ನಳಿಗೆಯಿಟ್ಟು, ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಬಡಿತಕ್ಕೆ ಕಾಯುತ್ತಾ ಆ ಬೆರಳು ಹಾಗೇ ಇತ್ತು.