ತೊಟ್ಟಿಯ ಕಾವಲು

ಕಲ್ಲಣ್ಣ ಕಾಕಾ ದ್ರಾಕ್ಷಿ ತೋಟದಿಂದ ಬಂದು ಜಗಲಿಯ ಮೇಲೆ ಕೂತರು. ಚಹಾದ ಬಸಿ ಕೈಗೆ ಬರುವ ಮೊದಲೇ, "ಔಷಧ ಹೊಡಿಯು ಫವಾರಣಿ ಟಾಕಿ ಯಾರ ಒಯ್ದಿದ್ರು?" ಎಂದು ಕೇಳಿದರು.

"ನಿಮ್ಮ ಟಾಕಿ ಸುದ್ದಿ ನನಗ್ಯಾಕ," ಎಂದಳು ಲಕ್ಷ್ಮೀಬಾಯಿ ಕಾಕು. "ನನ್ನ ಭಾಂಡಿ ತೊಳದ ಮುಗಿಯಂಗಿಲ್ಲ."

"ಅಲ್ಲ, ನಿನ್ನಿ ಹೊಡದ ಔಷಧ ಅದರಾಗ ಉಳದಿತ್ತು. ನಾಕ ಸಾಲಿಗೆ ಆಗ್ತಿತ್ತು. ಇವತ್ತ ನೋಡಿದ್ರ ಟಾಕಿ ಖಾಲಿ. ಯಾವ ಪುಣ್ಯಾತ್ಮ ಚೆಲ್ಯಾನೋ ಏನೋ."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅವರ ಅಣ್ಣನ ಮಗಳು ನಂದಾ ಅದನ್ನು ಕೇಳಿಸಿಕೊಂಡಳು. ಆ ಪುಣ್ಯಾತ್ಮಳು ಅವಳೇ. ಚೆಲ್ಲಿದ್ದರೆ ಎಷ್ಟೋ ಚಲೋ ಇತ್ತು. ಅವಳು ಅದನ್ನು ಕಾಡುಪ್ರಾಣಿಗಳು ಕುಡಿಯುವ ನೀರಿಗೆ ಸೇರಿಸಿ ಬಂದಿದ್ದಳು.

ವಾಗದರಿ ಊರಿನ ಹೊರಗೆ ಒಂದು ಹಳೆಯ ಕೆರೆ, ಅದರ ದಂಡೆಗೆ ಜಾಲಿ, ಬಾರಿಹಣ್ಣಿನ ಗಿಡ, ಹುಲ್ಲು ಬೆಳೆದ ಕುರುಚಲು ಕಾಡು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯೋಗಿರಾಜನೂ ಅವನ ಗೆಳೆಯರೂ ಭಾನುವಾರಕ್ಕೊಮ್ಮೆ ಬಂದು ಅದನ್ನು ನೋಡಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಆಯುತ್ತಾರೆ, ಬೆಂಕಿ ಹರಡದಿರಲೆಂದು ಹುಲ್ಲು ಕೊಯ್ದು ದಾರಿ ಬಿಡುತ್ತಾರೆ. ಬೇಸಿಗೆಯಲ್ಲಿ ಕೆರೆಯ ನೀರು ನಡುವಿಗೆ ಸರಿದು ಸುತ್ತಲೂ ಬರೀ ಕೆಸರು ಉಳಿಯುತ್ತದೆ. ನೀರಿಗಿಳಿದ ಪ್ರಾಣಿ ಅಲ್ಲಿಯೇ ಸಿಕ್ಕಿ ಸಾಯುತ್ತದೆ. ಅದಕ್ಕೆಂದು ದಂಡೆಯ ಮೇಲೆ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಟ್ಯಾಂಕರಿನಿಂದ ನೀರು ತುಂಬಿಸುತ್ತಾರೆ. ಊರಿನವಳೆಂದು ತೊಟ್ಟಿಯ ಕೆಲಸ ನಂದಾಳ ಪಾಲಿಗೆ ಬಂದಿತ್ತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದವಳಿಗೆ ಅದು ಹಿಡಿಸಿಯೂ ಇತ್ತು. ತೊಟ್ಟಿಯ ಜೊತೆ ಮಾತಾಡಬೇಕಾಗಿರಲಿಲ್ಲ.

ಈ ಬೆಳಿಗ್ಗೆ ಟ್ಯಾಂಕರ್ ಬರಲಿಲ್ಲ. ಫೋನು ಹಚ್ಚಿ ಟ್ಯಾಂಕರಿನವನೊಡನೆ ಜಗಳಾಡುವುದು ಅವಳಿಂದಾಗದ ಕೆಲಸ. ತೋಟದ ಟ್ರ್ಯಾಕ್ಟರ್ ಓಡಿಸುವ ಸಿದ್ಧರಾಮ, "ನಮ್ಮ ಟಾಕಿ ಐತಲ್ಲ ಅಕ್ಕಾರ, ಎರಡ ಖೇಪಿನ್ಯಾಗ ತುಂಬತೈತಿ" ಎಂದ. ತೊಳೆದದ್ದೇ ಎಂದು ಕೇಳಬೇಕೆನಿಸಿತ್ತು. ಕೇಳಿದರೆ ತನ್ನ ಮೇಲೆ ಸಂಶಯವೆಂದುಕೊಂಡಾನು ಎಂದು ಸುಮ್ಮನಾಗಿದ್ದಳು. ಟಾಕಿಯಿಂದ ತೊಟ್ಟಿ ತುಂಬಿಸುವಾಗ ವಾಸನೆ ಬಂದಿತ್ತು. ಆದರೆ ಬಳ್ಳಿ ಕತ್ತರಿಸುವ ಛಾಟಣಿ ಮುಗಿದ ಮೇಲೆ ಔಷಧ ಹೊಡೆಯುವ ದಿನಗಳಲ್ಲಿ ಮನೆಯ ಅಂಗಿ, ಹಾಸಿಗೆ, ಗಾಡಿಯ ಸೀಟು ಎಲ್ಲಕ್ಕೂ ಅದೇ ವಾಸನೆ. ಯಾರೂ ಮೂಗು ಮುಚ್ಚುವುದಿಲ್ಲ.

"ಕಾಕಾ," ಎಂದಳು. ಅವರು ಕೇಳಿಸಿಕೊಳ್ಳಲಿಲ್ಲ. ಎರಡನೆಯ ಸಲ ಕರೆಯುವ ಧೈರ್ಯ ಬರಲಿಲ್ಲ. ಗೂಟದಿಂದ ಸ್ಕೂಟಿಯ ಕೀಲಿ ತೆಗೆದುಕೊಂಡು ಹಿತ್ತಲಿನಿಂದ ಹೊರಬಿದ್ದಳು.

ತೊಟ್ಟಿ ತುಂಬಿಯೇ ಇತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಒಂದು ಕ್ಷಣ ಎಲ್ಲ ಸುಳ್ಳೆನಿಸಿತು. ಆಮೇಲೆ ಜೇನುಹುಳಗಳು ಕಂಡವು. ಅಂಚಿನುದ್ದಕ್ಕೂ ರೆಕ್ಕೆ ಬಿಡಿಸಿಕೊಂಡು ತೇಲುತ್ತಿದ್ದವು. ಸಿಮೆಂಟಿನ ಮೇಲೆ ಒಂದು ಕಡೆ ನೀರು ಚೆಲ್ಲಿ ಇನ್ನೂ ಒಣಗದ ಗುರುತು. ಯಾರೋ ಕುಡಿದು ಹೋಗಿದ್ದರು. ಹಕ್ಕಿಯೋ, ನರಿಯೋ, ಮನುಷ್ಯರೋ?

ಬಗ್ಗಿ ತಳದ ಬೂಚಿಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಬೂಚು ಕಿತ್ತರೆ ನೀರೆಲ್ಲ ಇಳಿಜಾರಿನಲ್ಲಿ ಹರಿದು ಕೆರೆಗೇ ಹೋಗುತ್ತದೆ. ಅಲ್ಲಿ ಉಳಿದಿರುವುದೇ ಒಂದಿಷ್ಟು ನೀರು, ಅದರ ತುಂಬ ಮೀನು, ಮೀನಿನ ಹಿಂದೆ ಕೊಕ್ಕರೆ.

ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ಫೋನು ತೆಗೆದು ಯೋಗಿರಾಜನ ಗುಂಪಿಗೆ ಬರೆದಳು, ಅಳಿಸಿದಳು. ಮತ್ತೆ ಬರೆದಳು. ಔಷಧ ಎನ್ನುವ ಶಬ್ದದ ಮುಂದೆ ಕಾಕಾನ ಹೆಸರು ಬರೆಯಬೇಕೋ ಬೇಡವೋ ಎನ್ನುತ್ತಿರುವಾಗಲೇ ಹಿಂದಿನಿಂದ ಕುರಿಗಳ ಸದ್ದು ಕೇಳಿತು.

ಬೀರವ್ವ ಹಿಂಡು ಹೊಡೆದುಕೊಂಡು ಬರುತ್ತಿದ್ದಳು. ಆ ದಂಡೆಯಲ್ಲಿ ವರ್ಷಾನುಗಟ್ಟಲೆ ಕುರಿ ಮೇಯಿಸಿದವಳು. ನೀರು ಕಂಡ ಕುರಿಗಳು ಓಡತೊಡಗಿದವು. ನಂದಾ ಕೈ ಅಗಲಿಸಿ ಅಡ್ಡ ನಿಂತಳು.

"ಆಚಿ ಸರಿ ತಂಗಿ. ನೀರಡಿಸ್ಯಾವು."

"ಬ್ಯಾಡ್ರಿ. ಇವತ್ತ ಬ್ಯಾಡ."

ಬೀರವ್ವ ಕೋಲಿಗೆ ಗದ್ದ ಊರಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಕಾಡಪ್ರಾಣಿಗಷ್ಟ ಅಂತ ಬೋರ್ಡ ಬಡದ್ರಿ. ನಮಗೇನ ಓದಾಕ ಬರಂಗಿಲ್ಲ, ಹಂಗ ಕುಡಿಸಿದ್ವಿ. ಈಗ ಪಾಟೀಲರ ಮನಿ ಹುಡಗೀನ ಪಹರೇಕ್ಕ ನಿಂದ್ರಿಸ್ಯಾರನು? ನಮ್ಮ ಕುರಿ ಮೂತಿ ಇಟ್ರ ನಿಮ್ಮ ನೀರ ಮೈಲಿಗಿ ಆಗತೈತೇನವ್ವ?"

"ಹಂಗಲ್ರಿ. ಅದರಾಗ ವಿಷ ಐತಿ."

"ಆಹಾ. ವಿಷ." ಬೀರವ್ವ ನಕ್ಕಳು. "ಇದೊಂದ ಹೇಳೂದ ಉಳದಿತ್ತು. ತ್ವಾಳಕ್ಕ ಅಮೃತ, ಕುರಿಗಿ ವಿಷ. ಸರಿ, ನಾನ ಕುಡದ ತೋರಸ್ತೀನಿ."

ಬಗ್ಗಿ ಬೊಗಸೆ ಚಾಚಿದಳು. ನಂದಾ ಅವಳ ಮಣಿಕಟ್ಟು ಹಿಡಿದಳು. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಳು. ಯಾರನ್ನೂ ಹಾಗೆ ಮುಟ್ಟಿದವಳಲ್ಲ ಅವಳು. ಹಿಡಿದ ಮೇಲೆ ಬಿಡುವುದು ಹೇಗೆಂದು ಗೊತ್ತಾಗಲಿಲ್ಲ.

"ನಮ್ಮ ಕಾಕಾನ ಫವಾರಣಿ ಟಾಕೀಲೆ ತುಂಬ್ಸೀನಿ. ನಾನ. ಅದರಾಗ ಔಷಧ ಉಳದಿತ್ತು. ನಾ ಕೇಳಲಿಲ್ಲ."

ಬೀರವ್ವನ ಮುಖದ ನಗು ಹೋಯಿತು. ತನ್ನ ಮಣಿಕಟ್ಟು ಹಿಡಿದ ಆ ಕೈಯನ್ನು ನೋಡಿದಳು, ಆಮೇಲೆ ತೇಲುತ್ತಿದ್ದ ಹುಳಗಳನ್ನು. ಕೈ ಬಿಡಿಸಿಕೊಂಡು ಕೋಲು ಬೀಸಿ ಕುರಿಗಳನ್ನು ಹಿಂದಕ್ಕೆ ಅಟ್ಟಿದಳು. ಹಟ ಹಿಡಿದ ಟಗರೊಂದರ ಕೋಡು ಹಿಡಿದು ಎಳೆದಳು.

"ಫೋನ ಹಚ್ಚು ನಿನ್ನ ಮಂದಿಗಿ," ಎಂದಳು. "ನನ್ನ ಮುಂದ ಹಚ್ಚು. ಆಮ್ಯಾಲ ನೀ ಬಾಯಿ ಮುಚಗೊಂಡ ಕುಂತ್ರ?"

ಯೋಗಿರಾಜ ಅಂಗಡಿಯಲ್ಲಿದ್ದ. ಹಿಂದೆ ಗಿರಾಕಿಗಳ ಗದ್ದಲ. ನಂದಾ ಒಂದೇ ಉಸಿರಿಗೆ ಹೇಳಿದಳು.

"ಬೂಚ ತಗದೀಯನು?"

"ಇಲ್ರಿ."

"ತಗೀಬ್ಯಾಡ. ಡ್ರಮ್ಮು, ಮೋಟರು ತಗೊಂಡ ಬರ್ತೀನಿ. ಬರೂದ್ರಾಗ ಕತ್ತಲಾಗ್ತದ. ನೀ ಅಲ್ಲಿಂದ ಅಲಗಬ್ಯಾಡ, ಏನ್?"

ಬೀರವ್ವ ನಿಲ್ಲುವಂತಿರಲಿಲ್ಲ. ನೀರಿಗಾಗಿ ಹಿಂಡನ್ನು ಊರಿನ ತನಕ ನಡೆಸಬೇಕಿತ್ತು. ಹೋಗುವಾಗ, "ಜಾಲಿ ಟೊಂಗಿ ಮುಚ್ಚು," ಎಂದು ಹೇಳಿ ಹೋದಳು.

ಒಣ ಜಾಲಿಯ ಟೊಂಗೆಗಳನ್ನು ನಂದಾ ಎಳೆದೆಳೆದು ತಂದಳು. ಅಂಗೈ ಹರಿದು ರಕ್ತ ಬಂತು. ತೊಟ್ಟಿ ಬಂಡಿಯಷ್ಟು ದೊಡ್ಡದು. ಮುಕ್ಕಾಲು ಮುಚ್ಚುವುದರಲ್ಲಿ ಕೈಗೆಟುಕುವ ಟೊಂಗೆ ಮುಗಿದವು. ಸೂರ್ಯ ಆಚೆ ದಂಡೆಗಿಳಿದ. ಮುಚ್ಚದೆ ಉಳಿದ ಕಡೆ ಅವಳು ಕಲ್ಲುಗಳನ್ನು ಒಟ್ಟಿಕೊಂಡು ಕೂತಳು. ಪೊದೆಯಲ್ಲಿ ಏನು ಸರಿದರೂ ಕಲ್ಲು ಕೈಗೆತ್ತಿಕೊಳ್ಳುತ್ತಿದ್ದಳು. ಒಂದು ಗೌಜಲು ಹಕ್ಕಿ ಬಂತು, ಓಡಿಸಿದಳು. ಮತ್ತೆ ಬಂತು.

ಅದು ಬಂದದ್ದು ಅವಳಿಗೆ ಕೇಳಿಸಲೇ ಇಲ್ಲ. ತಲೆಯೆತ್ತಿದಾಗ ಹುಲ್ಲಿನ ಅಂಚಿನಲ್ಲಿ ನಿಂತಿತ್ತು. ಹುಲ್ಲಿನದೇ ಬಣ್ಣ, ಉದ್ದ ಕಾಲು, ಒಳಕ್ಕೆ ಹೋದ ಹೊಟ್ಟೆ. ತೋಳ. ಕೆಸರಿನಲ್ಲಿ ಅದರ ಹೆಜ್ಜೆ ಕಂಡಾಗಲೆಲ್ಲ ಗುಂಪಿನವರು ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಅದಕ್ಕೆಂದೇ ಕಟ್ಟಿಸಿದ ತೊಟ್ಟಿ ಇದು, ಅದು ಬರಲೆಂದೇ ಅವಳು ನೀರು ತುಂಬಿಸುತ್ತಿದ್ದಳು.

ತೋಳ ಅವಳನ್ನು ನೋಡಲಿಲ್ಲ. ನೀರನ್ನು ನೋಡುತ್ತಿತ್ತು. ನಾಲಗೆ ಹೊರಗಿತ್ತು. ಮಧ್ಯಾಹ್ನ ಬಂದಿತ್ತೇ ಇದು? ಆ ಒದ್ದೆ ಗುರುತು ಇದರದೇ?

ಒಂದು ಹೆಜ್ಜೆ ಮುಂದಿಟ್ಟಿತು.

ಕಲ್ಲು ಎತ್ತಿ ಎಸೆದಳು. ಗುರಿ ತಪ್ಪಿತು. ಎರಡನೆಯದು ಅದರ ಪಕ್ಕೆಗೆ ತಾಗಿತು. ಕುಂಯ್ ಎಂದು ಬಾಗಿ, ತುಸು ಹಿಂದೆ ಸರಿದು, ಅಲ್ಲಿಯೇ ಕೂತಿತು. ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ. ಇಲ್ಲಿ ನೀರಿದೆಯೆಂದು ಕಲಿಸಿದವರು ನಂದಾಳ ಗುಂಪಿನವರೇ.

ಎಡಗಡೆಯ ಪೊದೆ ಅಲುಗಿತು. ಅಲ್ಲೊಂದು. ಅದರ ಹಿಂದೆ ಇನ್ನೊಂದು, ಸಣ್ಣದು, ತಾಯಿಯ ಕಾಲಿಗೆ ಅಂಟಿಕೊಂಡು.

ನಂದಾ ತೊಟ್ಟಿಯ ಅಂಚು ಹತ್ತಿ ನಿಂತಳು. ಕಾಲು ಜಾರಿ ಒಳಗೆ ಬೀಳುವಂತಾಯಿತು. "ಹೋಗ್ರಿ," ಎಂದು ಕೂಗಿದಳು. ತೋಳಕ್ಕೂ ಬಹುವಚನ. "ಹೋಗ್ರಿ ಅಂದ್ರ ಹೋಗ್ರಿ." ಧ್ವನಿ ಕೆರೆಯ ಆಚೆ ದಂಡೆಗೆ ತಾಗಿ ಹಿಂದಿರುಗಿತು. ಮರಿ ಹಿಂದೆ ಸರಿಯಿತು. ಕೂತದ್ದು ಎದ್ದು ನಿಂತಿತು.

ದೂರದ ರಸ್ತೆಯಲ್ಲಿ ಗಾಡಿಯ ದೀಪವೊಂದು ಕಂಡಿತು. ಕೆರೆಯ ದಾರಿಗೆ ತಿರುಗೀತೆಂದು ಕಾದಳು. ತಿರುಗಲಿಲ್ಲ. ನೆಟ್ಟಗೆ ಅಕ್ಕಲಕೋಟೆಯ ಕಡೆ ಹೋಯಿತು.

ಅವಳು ಬಗ್ಗಿ ಇನ್ನೊಂದು ಕಲ್ಲು ತೆಗೆದುಕೊಂಡು, ಈ ಸಲ ಮರಿಯ ಕಡೆಗೆ ಗುರಿಯಿಟ್ಟಳು.